ಒಬ್ಬ ರಕ್ಕಸ, ಒಂದು ಊರು

ಕಳೆದ ತಿಂಗಳು ಒಂದು ದಿನ ಬಿ.ಎ. ತರಗತಿಯಲ್ಲಿ ಬಕವಧೆಯ ಪ್ರಸಂಗವನ್ನು ಪಾಠ ಮಾಡಿ ಹೊರಗೆ ಬಂದೆ. ಮೆಟ್ಟಿಲ ಬಳಿ ವಿದ್ಯಾರ್ಥಿಯೊಬ್ಬ ನನಗಾಗಿ ಕಾದು ನಿಂತಿದ್ದ. ಪಾಠದ ಹೊತ್ತಿನಲ್ಲಿ ಎಂದೂ ಬಾಯಿ ತೆರೆಯದ ಹುಡುಗ ಅವನು. “ಸಾರ್, ಬಕನಿಗೆ ಎಷ್ಟು ಬಲವಿತ್ತು?” ಎಂದು ಕೇಳಿದ. ಕಾವ್ಯದಲ್ಲಿ ಬಲವನ್ನು ತೂಗುವ ತಕ್ಕಡಿ ಇಲ್ಲವಪ್ಪಾ, ಸಾವಿರ ಆನೆಯ ಬಲ ಎಂದರೆ ಅಲ್ಲಿಗೆ ಲೆಕ್ಕ ಮುಗಿಯಿತು, ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. “ನನಗೆ ಬೇಕಾದದ್ದು ಲೆಕ್ಕವೇ ಸಾರ್. ನನ್ನ ಖಳ ಒಬ್ಬನೇ. ಅವನಿಗೆ ಸೈನ್ಯವಿಲ್ಲ, ಬಂಟರಿಲ್ಲ. ಆದರೂ ಅವನು ಒಂದು ಪಟ್ಟಣವನ್ನು ಗೆದ್ದು ಆಳಬೇಕು. ಎಷ್ಟು ಬಲ ಕೊಟ್ಟರೆ ಸಾಕು?”

ಖಳನಿಗೆ ಬಲ ಹಂಚುವ ಅಧಿಕಾರ ಇವನಿಗೆ ಎಲ್ಲಿಂದ ಬಂತೆಂದು ವಿಚಾರಿಸಿದ ಮೇಲೆ ವಿಷಯ ತಿಳಿಯಿತು. ರಾತ್ರಿ ಊಟವಾದ ಮೇಲೆ ಇವನೂ ಇವನ ಐವರು ಸ್ನೇಹಿತರೂ ಸೇರಿ ಒಂದು ಆಟ ಆಡುತ್ತಾರೆ. ಒಬ್ಬ ಸೂತ್ರಧಾರ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ: ಯೋಧ, ಮಾಂತ್ರಿಕ, ಕಳ್ಳ, ಹೀಗೆ. ಸೂತ್ರಧಾರ ಕಥೆಯ ಊರನ್ನೂ ಕಾಡನ್ನೂ ಶತ್ರುವನ್ನೂ ಕಲ್ಪಿಸುತ್ತಾನೆ. ಪಾತ್ರಧಾರಿಗಳು ತಾವು ಮಾಡುವುದನ್ನು ಬಾಯಲ್ಲಿ ಹೇಳುತ್ತಾರೆ. ಫಲವನ್ನು ಇಪ್ಪತ್ತು ಮುಖದ ದಾಳ ನಿರ್ಣಯಿಸುತ್ತದೆ. ತಾಳಮದ್ದಲೆಯ ಅರ್ಥಗಾರಿಕೆಗೆ ಪಗಡೆಯನ್ನು ಬೆರೆಸಿದಂತೆ ಎಂದುಕೊಂಡರೆ ನಮ್ಮ ಓದುಗರಿಗೆ ಅದರ ಬಗೆ ಹೊಳೆದೀತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂದು ಅದರ ಹೆಸರು. ಡ್ರ್ಯಾಗನ್ ಎಂದರೆ ನಮ್ಮ ಅಜ್ಜಿಯರು ಘಟಸರ್ಪ ಎನ್ನುತ್ತಿದ್ದ ಪ್ರಾಣಿಯೇ. ಅದಕ್ಕೆ ರೆಕ್ಕೆ ಮೂಡಿದೆ, ಬಾಯಲ್ಲಿ ಬೆಂಕಿ ಬಂದಿದೆ, ಅಷ್ಟೇ.

ಹುಡುಗ ತಂದುಕೊಟ್ಟ ಪುಸ್ತಕಗಳನ್ನು ಎರಡು ವಾರ ಓದಿದೆ. ಆಟವೆಂದು ತಾತ್ಸಾರದಿಂದ ಕೈಗೆತ್ತಿಕೊಂಡವನು, ರಾಜ್ಯಶಾಸ್ತ್ರದ ಹಳೆಯದೊಂದು ಪ್ರಶ್ನೆ ಅಲ್ಲಿ ಅಂಕಗಳ ವೇಷ ತೊಟ್ಟು ಕುಳಿತಿರುವುದನ್ನು ಕಂಡು ಬೆರಗಾದೆ. ಒಬ್ಬನು ಅನೇಕರನ್ನು ಆಳುವುದು ಹೇಗೆ ಸಾಧ್ಯ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನ್ನದೇ ಬಾಳಿನ ಒಂದು ಹಳೆಯ ಸಂಗತಿಯನ್ನೂ ನಾನು ಎದುರಿಸಬೇಕಾಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್, ನೆರೆಯ ಮಿನ್ನೆಸೋಟದ ಡೇವ್ ಆರ್ನೆಸನ್ ಇಬ್ಬರೂ ಸೇರಿ ೧೯೭೪ರಲ್ಲಿ ಮೂರು ಕಿರುಪುಸ್ತಿಕೆಗಳಾಗಿ ಇದನ್ನು ಹೊರತಂದರು. ಅದಕ್ಕೂ ಮೊದಲು, ೧೯೭೧ರಲ್ಲಿ, ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಬರೆದ ‘ಚೈನ್‌ಮೇಲ್’ ಎಂಬ ಯುದ್ಧದ ಆಟವಿತ್ತು. ಮೇಜಿನ ಮೇಲೆ ಸೈನಿಕರ ಪುಟ್ಟ ಬೊಂಬೆಗಳನ್ನು ಹೂಡಿ ಆಡುವಂಥದು. ಅದರ ಕೊನೆಯಲ್ಲಿ ಕಟ್ಟುಕಥೆಯ ವೀರರಿಗಾಗಿ ಒಂದು ಅನುಬಂಧ. ಒಬ್ಬನ ಬಲವೆಷ್ಟು ಎಂಬ ನನ್ನ ಶಿಷ್ಯನ ಪ್ರಶ್ನೆಗೆ ಅಲ್ಲಿ ನೇರವಾದ ಉತ್ತರವೇ ಇದೆ. ‘ವೀರ’ ನಾಲ್ಕು ಬೊಂಬೆಗಳಿಗೆ ಸಮ, ‘ಮಹಾವೀರ’ ಎಂಟಕ್ಕೆ. ಸಾವಿರ ಆನೆಗಳ ಲೆಕ್ಕಕ್ಕೆ ಒಗ್ಗಿದ ನಮಗೆ ಇದು ಬಲು ಜಿಪುಣತನವೆನಿಸಬಹುದು. ಆದರೆ ಅದರ ಜೊತೆಗೇ ಇನ್ನೊಂದು ನಿಯಮವಿದೆ. ಮಹಾವೀರನು ಮೇಲೆ ಬೀಳುವ ಅಳತೆಗೆ ಬಂದೊಡನೆ ಎದುರಿನ ದಳವು ಧೈರ್ಯಪರೀಕ್ಷೆಗೆ ಒಳಗಾಗಬೇಕು. ಅವನಿನ್ನೂ ಕತ್ತಿಯೆತ್ತಿಲ್ಲ, ಒಬ್ಬನೂ ಬಿದ್ದಿಲ್ಲ. ಆದರೂ ದಳ ಒಡೆದು ಓಡಬಹುದು. ಎಂಟು ಜನರ ತೋಳಿಗಿಂತ ಈ ಒಂದು ನಿಯಮವೇ ಅವನ ನಿಜವಾದ ಆಯುಧವೆಂದು ನನಗೆ ತೋರಿತು.

ಒಬ್ಬನು ಅನೇಕರೆದುರು ನಿಲ್ಲಲು ಎಷ್ಟು ಬಲ ಬೇಕೆಂಬುದನ್ನು ನಿಜವಾದ ಯುದ್ಧಗಳ ವಿಷಯದಲ್ಲಿಯೂ ಲೆಕ್ಕ ಹಾಕಿದವರುಂಟು. ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಇಂಗ್ಲೆಂಡಿನ ಯಂತ್ರಶಿಲ್ಪಿ, ಮೋಟಾರು ಕಾರುಗಳನ್ನು ನಿರ್ಮಿಸಿದವನು, ೧೯೧೬ರಲ್ಲಿ ವಿಮಾನಯುದ್ಧವನ್ನು ಕುರಿತ ತನ್ನ ಗ್ರಂಥದಲ್ಲಿ ಅದನ್ನು ಸೂತ್ರಕ್ಕೆ ಇಳಿಸಿದ. ಇಕ್ಕಟ್ಟಾದ ಓಣಿಯಲ್ಲಿ ಒಬ್ಬರಾದ ಮೇಲೊಬ್ಬರು ಕೈಗೆ ಕೈ ಹೋರಾಡುವುದಾದರೆ, ನೂರು ಜನರನ್ನು ಎದುರಿಸುವವನು ಅವರಲ್ಲಿ ಒಬ್ಬೊಬ್ಬನಿಗಿಂತ ನೂರು ಮಡಿ ಮಿಗಿಲಾಗಿದ್ದರೆ ಸಾಕು. ಬಯಲಿನಲ್ಲಿ, ದೂರದಿಂದ ಹೊಡೆಯುವ ಆಯುಧಗಳ ಕಾಲದಲ್ಲಿ ಹಾಗಲ್ಲ. ನೂರು ಜನರೂ ಏಕಕಾಲಕ್ಕೆ ಅವನೊಬ್ಬನ ಮೇಲೆ ಗುರಿಯಿಡಬಲ್ಲರು. ಅವನು ಒಂದು ಸಲಕ್ಕೆ ಒಬ್ಬನಿಗೆ ಮಾತ್ರ ಗುರಿಯಿಡಬಲ್ಲ. ಆದ್ದರಿಂದ ಸಂಖ್ಯೆಯ ವರ್ಗವೇ ಲೆಕ್ಕಕ್ಕೆ ಬರುತ್ತದೆ: ನೂರರ ಎದುರು ನಿಲ್ಲಲು ಹತ್ತು ಸಾವಿರ ಮಡಿ ಬೇಕು. ಊರು ಬಯಲಿಗೆ ಬಂದು ಒಟ್ಟಾಗಿ ನಿಂತರೆ ಒಂಟಿ ಖಳನ ಬಾಳು ಕಷ್ಟ. ಊರು ಓಣಿ ಓಣಿಯಾಗಿ, ಮನೆ ಮನೆಯಾಗಿ ಒಡೆದು ನಿಂತರೆ ಸುಲಭ.

ಈ ಮಾತನ್ನು ಆಟದ ಅಂಕಗಳಲ್ಲಿಯೇ ಪರೀಕ್ಷಿಸೋಣ. ೨೦೧೪ರಲ್ಲಿ ಬಂದ ಐದನೆಯ ಆವೃತ್ತಿಯ ರಾಕ್ಷಸ ಪ್ರಾಣಿಗಳ ಗ್ರಂಥದಲ್ಲಿ ಪುರಾತನವಾದ ಕೆಂಪು ಘಟಸರ್ಪವಿದೆ. ಅದಕ್ಕಿಂತ ಘೋರವಾದ ಜೀವಿಗಳು ಆ ಗ್ರಂಥದಲ್ಲಿ ಬಹಳ ಇಲ್ಲ. ಅದರ ಪ್ರಾಣಾಂಕ ೫೪೬. ಅಷ್ಟು ಪೆಟ್ಟು ತಿಂದರೆ ಮಾತ್ರ ಸಾಯುತ್ತದೆ. ಕವಚಾಂಕ ೨೨, ದಾಳದ ಅಂಕಕ್ಕೆ ಕೈಚಳಕದ ಅಂಕ ಕೂಡಿ ಅಷ್ಟಾದರೆ ಮಾತ್ರ ಬಾಣ ತಗುಲೀತು. ಇನ್ನು ಊರಿನ ಸಾಮಾನ್ಯ ಮನುಷ್ಯ: ಅವನ ಪ್ರಾಣಾಂಕ ಕೇವಲ ೪, ಬಿಲ್ಲಿನಲ್ಲಿ ಪಳಗಿದವನಲ್ಲ. ಮೇಲುನೋಟಕ್ಕೆ ಇದು ಆನೆಯೂ ಇರುವೆಯೂ ಸೆಣಸಿದಂತೆ. ಆದರೆ ಆಟದ ನಿಯಮದಲ್ಲಿ ಒಂದು ಕರುಣೆಯಿದೆ. ದಾಳದಲ್ಲಿ ಇಪ್ಪತ್ತೇ ಬಿದ್ದರೆ ಯಾರ ಬಾಣವಾದರೂ ಯಾರಿಗಾದರೂ ತಗುಲಿಯೇ ತಗುಲುತ್ತದೆ, ಅಷ್ಟೇ ಅಲ್ಲ, ಪೆಟ್ಟಿನ ದಾಳಗಳೂ ಇಮ್ಮಡಿಯಾಗುತ್ತವೆ. ಉದ್ದಬಿಲ್ಲಿನ ಅಂಥ ಪೆಟ್ಟು ಸರಾಸರಿ ೯ ಅಂಕ. ಎಂದರೆ ಇಪ್ಪತ್ತು ಬಾಣಕ್ಕೆ ಒಂದು ತಗುಲಿ ಒಂಬತ್ತು ಅಂಕ ಕಳೆಯುತ್ತದೆ. ಘಟಸರ್ಪ ಬೀಳಲು ಸುಮಾರು ೧,೨೧೩ ಬಾಣ ಬೇಕು. ಆಟದ ಪುಸ್ತಕ ಆರು ಸಾವಿರ ಜನರವರೆಗಿನ ಊರನ್ನು ಪಟ್ಟಣವೆನ್ನುತ್ತದೆ. ಅಂಥ ಊರಿನಲ್ಲಿ ಇಪ್ಪತ್ತಕ್ಕೊಬ್ಬರಂತೆ ಮುನ್ನೂರು ಜನ ಬಿಲ್ಲು ಹಿಡಿದರೆ, ಸುತ್ತಿಗೆ ಆರು ಸೆಕೆಂಡಿನಂತೆ ನಾಲ್ಕೈದು ಸುತ್ತು ಸಾಕು. ಅರ್ಧ ನಿಮಿಷದಲ್ಲಿ ಸಾವಿರ ವರ್ಷದ ಘಟಸರ್ಪ ನೆಲಕ್ಕೆ ಬೀಳುತ್ತದೆ!

ಹಾಗಾದರೆ ಘಟಸರ್ಪಕ್ಕೆ ಊರುಗಳು ಹೆದರುವುದೇಕೆ? ಅದರ ಬಾಯಿಯ ಬೆಂಕಿ ತೊಂಬತ್ತು ಅಡಿ ಚಾಚುತ್ತದೆ. ಆ ಉರಿಯಲ್ಲಿ ಸಿಕ್ಕ ಸಾಮಾನ್ಯರು ಒಬ್ಬರೂ ಉಳಿಯುವುದಿಲ್ಲ. ಅದು ಬಾಣ ಎಣಿಸಿಕೊಂಡು ಕೂರುವುದೂ ಇಲ್ಲ, ಹಾರುತ್ತದೆ. ಆದರೆ ಬೆಂಕಿ ರೆಕ್ಕೆಗಳಿಗಿಂತ ದೊಡ್ಡದಾದ ಇನ್ನೊಂದು ಶಕ್ತಿ ಅದಕ್ಕಿದೆ. ಅದನ್ನು ‘ಭಯಂಕರ ಸನ್ನಿಧಿ’ ಎಂದು ಅನುವಾದಿಸಬಹುದು. ೧೨೦ ಅಡಿಯೊಳಗೆ ಅದನ್ನು ಕಂಡವರು ದಾಳದಲ್ಲಿ ೨೧ ಅಂಕ ಗಳಿಸಿದರೆ ಮಾತ್ರ ಭಯದಿಂದ ಪಾರು. ಸಾಮಾನ್ಯನಿಗೆ ಸಿಗಬಹುದಾದ ಗರಿಷ್ಠ ಅಂಕವೇ ಇಪ್ಪತ್ತು! ಎಂದರೆ ಅವನು ಹೆದರಲೇಬೇಕು. ಅದು ಅವನ ಹೇಡಿತನವಲ್ಲ, ಗಣಿತ. ಹೆದರಿದವನು ಬಾಣ ಬಿಡುವಾಗ ಎರಡು ದಾಳ ಎಸೆದು, ಎರಡರಲ್ಲಿ ಕಡಮೆಯದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇಪ್ಪತ್ತು ಬೀಳುವ ಸಂಭವ ಇಪ್ಪತ್ತರಲ್ಲೊಂದು ಇದ್ದದ್ದು ಈಗ ನಾನೂರರಲ್ಲೊಂದು. ೧,೨೧೩ ಬಾಣಕ್ಕೆ ಬೀಳುತ್ತಿದ್ದ ಘಟಸರ್ಪಕ್ಕೆ ಈಗ ೨೪,೦೦೦ಕ್ಕೂ ಹೆಚ್ಚು ಬಾಣ ಬೇಕು. ಭಯವೊಂದೇ ಅದರ ಬಲವನ್ನು ಇಪ್ಪತ್ತು ಮಡಿ ಮಾಡಿತು. ಅದರ ಮೈಯಲ್ಲಿ ಏನೂ ಹೆಚ್ಚಲಿಲ್ಲ. ಹೆಚ್ಚಿದ್ದು ನೋಡುವವರ ಕೈನಡುಕ.

ಇದಕ್ಕಿಂತ ಸ್ವಾರಸ್ಯವಾದ ಮಾತು ನಿಯಮದ ಕೊನೆಯ ಸಾಲಿನಲ್ಲಿದೆ. ಆ ಭಯ ಇರುವುದು ಒಂದೇ ನಿಮಿಷ. ಆ ನಿಮಿಷವನ್ನು ಹೇಗೋ ಕಳೆದು ಇನ್ನೂ ಬದುಕಿ ನಿಂತವನಿಗೆ, ಮುಂದಿನ ಇಪ್ಪತ್ತನಾಲ್ಕು ಗಂಟೆ ಆ ಘಟಸರ್ಪದ ಭಯ ಮತ್ತೆ ತಟ್ಟುವುದಿಲ್ಲ. ಅದೇ ಮನುಷ್ಯ, ಅದೇ ಬಿಲ್ಲು, ಅದೇ ನಾಲ್ಕು ಪ್ರಾಣಾಂಕ. ಓಡದೆ ನಿಂತ ಅರವತ್ತು ಸೆಕೆಂಡುಗಳು ಮಾತ್ರ ಹೆಚ್ಚು. ಈ ನಿಯಮವನ್ನು ಬರೆದವನು ಏನನ್ನು ನೆನೆದು ಬರೆದನೋ! ನನಗಂತೂ ಅದು ನೀತಿಗ್ರಂಥವೊಂದರಿಂದ ಕಿತ್ತುತಂದ ಸೂತ್ರದಂತೆ ಕಂಡಿತು.

ಇಷ್ಟಾದರೂ ನನ್ನ ಶಿಷ್ಯನ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ದೊರೆಯಿತು. ಅವನು ಕೇಳಿದ್ದು ಊರನ್ನು ಗೆದ್ದು ಆಳುವ ಮಾತು. ಊರನ್ನು ಹಾಳುಮಾಡುವುದು ಬೇರೆ, ಆಳುವುದು ಬೇರೆ. ಇಂಗ್ಲಿಷ್ ಲೇಖಕ ಟೋಲ್ಕಿನ್ ೧೯೩೭ರಲ್ಲಿ ಪ್ರಕಟಿಸಿದ ‘ದಿ ಹಾಬಿಟ್’ ಕಥೆಯಲ್ಲಿ ಸ್ಮಾಗ್ ಎಂಬ ಘಟಸರ್ಪ ಕುಳ್ಳರ ಬೆಟ್ಟವನ್ನು ಹಿಡಿದು, ತಪ್ಪಲಿನ ಡೇಲ್ ಪಟ್ಟಣವನ್ನು ನಾಶಮಾಡುತ್ತದೆ. ಆಮೇಲೆ? ಸುತ್ತಲ ನೆಲ ಪಾಳು ಬೀಳುತ್ತದೆ. ಸ್ಮಾಗ್ ಚಿನ್ನದ ರಾಶಿಯ ಮೇಲೆ ಮಲಗುತ್ತದೆ. ಅದರ ಆಜ್ಞೆಯನ್ನು ಕೇಳುವವರು ಒಬ್ಬರೂ ಇಲ್ಲ. ಕೊನೆಗೆ ಸರೋವರದ ಊರಿನ ಬಿಲ್ಲುಗಾರ ಬಾರ್ಡ್‌ನ ಒಂದು ಬಾಣ ಅದನ್ನು ಕೊಲ್ಲುತ್ತದೆ.

ಹಳೆಯ ಇಂಗ್ಲಿಷಿನ ಮಹಾಕಾವ್ಯ ‘ಬೇವುಲ್ಫ್’ನಲ್ಲಿ ಇನ್ನೂ ಸೂಕ್ಷ್ಮವಾದ ಚಿತ್ರವಿದೆ. ಡೇನರ ಅರಸು ಹ್ರೋತ್‌ಗಾರ್ ಕಟ್ಟಿಸಿದ ಹೆಯೊರೊಟ್ ಎಂಬ ಸಭಾಮಂದಿರಕ್ಕೆ ಗ್ರೆಂಡೆಲ್ ಎಂಬ ರಕ್ಕಸ ರಾತ್ರಿ ಬಂದು ಮಲಗಿದವರನ್ನು ಕೊಂದು ತಿನ್ನುತ್ತಾನೆ. ಹನ್ನೆರಡು ಚಳಿಗಾಲ ಹೀಗೆ ನಡೆಯುತ್ತದೆ. ಕತ್ತಲಾದ ಮೇಲೆ ಮಂದಿರ ಅವನದು. ಬೆಳಗಾದರೆ ಮತ್ತೆ ಅರಸನದು. ಕಾಣಿಕೆ ಹಂಚುವ ಸಿಂಹಾಸನವನ್ನು ಮಾತ್ರ ಗ್ರೆಂಡೆಲ್ ಸಮೀಪಿಸಲಾರ ಎಂದು ಕವಿ ಹೇಳುತ್ತಾನೆ. ಹನ್ನೆರಡು ವರ್ಷ ಕೊಂದರೂ ಅವನು ಅರಸನಾಗಲಿಲ್ಲ. ಏಕೆಂದರೆ ಅವನ ಬಳಿ ಯಾರೂ ಏನನ್ನೂ ತಂದೊಪ್ಪಿಸಲಿಲ್ಲ.

ಗ್ರೆಂಡೆಲ್‌ನಿಗೆ ಒದಗದ ಭಾಗ್ಯ ನಮ್ಮ ಬಕನಿಗೆ ಒದಗಿತ್ತು. ಬಕವಧೆ ಪಂಪನಲ್ಲಿಯೂ ಉಂಟು, ಕುಮಾರವ್ಯಾಸನಲ್ಲಿಯೂ ಉಂಟು. ಆದರೆ ಬಕನ ಆಡಳಿತದ ವಿವರಗಳಿಗೆ ವ್ಯಾಸಭಾರತದ ಆದಿಪರ್ವವನ್ನೇ ನೋಡಬೇಕು. ಏಕಚಕ್ರದ ಬ್ರಾಹ್ಮಣ ಕುಂತಿಗೆ ತನ್ನ ಕಷ್ಟವನ್ನು ಹೇಳಿಕೊಳ್ಳುವಾಗ ಅವು ಒಂದೊಂದಾಗಿ ಹೊರಬೀಳುತ್ತವೆ. ಬಂಡಿ ತುಂಬ ಅನ್ನ, ಎರಡು ಕೋಣ, ಅವನ್ನು ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ: ಇದು ಕಂದಾಯ. ಮನೆಗೊಂದು ಸರದಿ, ಬಹಳ ವರ್ಷಗಳಿಗೊಮ್ಮೆ ಒಂದು ಮನೆಗೆ ಬರುತ್ತದೆ. ತಪ್ಪಿಸಿಕೊಳ್ಳಲು ನೋಡಿದವನನ್ನು ಹೆಂಡಿರು ಮಕ್ಕಳೊಡನೆ ಕೊಂದು ತಿನ್ನುತ್ತಾನೆ: ಇದು ದಂಡ. ಇನ್ನೂ ಒಂದು ಮಾತನ್ನು ಬ್ರಾಹ್ಮಣ ಹೇಳುತ್ತಾನೆ. ನಾವು ಪಾಠ ಮಾಡುವಾಗ ಸಾಮಾನ್ಯವಾಗಿ ದಾಟಿಹೋಗುವ ಮಾತು. ಬಕನಿರುವುದರಿಂದ ಊರಿಗೆ ಹೊರಗಿನ ಶತ್ರುಗಳ ಭಯವೂ ಇಲ್ಲ, ಬೇರೆ ಭೂತಗಳ ಭಯವೂ ಇಲ್ಲವಂತೆ! ದೇಶಕ್ಕೊಬ್ಬ ಅರಸನಿದ್ದಾನೆ, ಅವನು ಅಶಕ್ತ. ಕಂದಾಯ, ದಂಡ, ರಕ್ಷಣೆ ಮೂರೂ ಸೇರಿದರೆ ಅದಕ್ಕೆ ರಾಜ್ಯವೆಂದೇ ಹೆಸರು. ಬಕನು ಏಕಚಕ್ರದ ಹೊಟ್ಟೆಬಾಕನಲ್ಲ, ಅದರ ಸರಕಾರ.

ಆ ಸರಕಾರದ ಕೆಲಸವೆಲ್ಲವನ್ನೂ ಮಾಡುತ್ತಿದ್ದವರು ಯಾರು? ಅನ್ನ ಬೇಯಿಸಿದವರು ಊರವರು. ಬಂಡಿ ಹೂಡಿದವರು ಊರವರು. ಈ ವರ್ಷ ಯಾರ ಮನೆ, ಮುಂದಿನ ಸಲ ಯಾರ ಮನೆ ಎಂದು ನೆನಪಿಟ್ಟವರೂ ಅವರೇ ಇರಬೇಕು. ಬಕನು ಕಾಡಿನಲ್ಲಿ ಕುಳಿತೇ ಇದ್ದ. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಲಾ ಬೊಯೆಸಿ, ಮೊಂತೇನನ ಆಪ್ತಮಿತ್ರ, ತನ್ನ ಎಳೆಯ ವಯಸ್ಸಿನಲ್ಲಿಯೇ ಸ್ವಯಂದಾಸ್ಯವನ್ನು ಕುರಿತು ಒಂದು ಪ್ರಬಂಧ ಬರೆದ. ಕ್ರೂರ ಅರಸನಿಗೂ ಎರಡೇ ಕಣ್ಣು, ಎರಡೇ ಕೈ. ನಮ್ಮನ್ನು ಕಾಯಲು ಬೇಕಾದ ಉಳಿದ ಕಣ್ಣುಗಳನ್ನೂ ಹೊಡೆಯಲು ಬೇಕಾದ ಉಳಿದ ಕೈಗಳನ್ನೂ ಅವನಿಗೆ ಎರವಲು ಕೊಟ್ಟವರು ನಾವೇ ಎಂಬುದು ಅದರ ವಾದ. ಅರಸನ ಹತ್ತಿರ ಐದಾರು ಜನ, ಅವರ ಕೆಳಗೆ ಆರುನೂರು, ಅವರ ಕೆಳಗೆ ಆರು ಸಾವಿರ. ಹೀಗೆ ಸರಪಣಿ ಬೆಳೆಯುತ್ತದೆಂದು ಅವನು ತೋರಿಸಿದ. ಆಟದ ಹಳೆಯ ನಿಯಮಕಾರರಿಗೂ ಇದು ತಿಳಿದಿತ್ತೆಂದು ಕಾಣುತ್ತದೆ. ೧೯೭೮ರ ಅವರ ಗ್ರಂಥದಲ್ಲಿ ಯೋಧನೊಬ್ಬ ಒಂಬತ್ತನೆಯ ಮೆಟ್ಟಿಲೇರಿ ‘ಲಾರ್ಡ್’ ಎನಿಸಿ ಕೋಟೆ ಕಟ್ಟಿದಾಗ ಅವನಿಗೆ ದೊರೆಯುವ ಹೊಸ ಶಕ್ತಿ ಬೆಂಕಿಯಲ್ಲ, ಮಂತ್ರವಲ್ಲ. ಆಳುಗಳ ದಂಡು ಬಂದು ಸೇರುತ್ತದೆ; ಸುತ್ತಲ ನೆಲದ ಕಂದಾಯ ಬರುತ್ತದೆ. ಆಳುವವನಾದ ಕೂಡಲೆ ಅವನು ಒಂಟಿಯಲ್ಲ.

ಇನ್ನು ನನ್ನ ಸಂಗತಿ. ಇಪ್ಪತ್ತೈದು ವರ್ಷಗಳ ಹಿಂದೆ ನಾನೊಂದು ವಿದ್ಯಾರ್ಥಿನಿಲಯದಲ್ಲಿದ್ದೆ. ಊರು ಹೆಸರು ಬೇಡ. ನಾವು ಎಂಬತ್ತು ಹುಡುಗರು. ಮೂಲೆಯ ಕೋಣೆಯಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬನಿದ್ದ. ಅವನನ್ನು ‘ಅಣ್ಣ’ ಎಂದೇ ಕರೆಯಬೇಕಾಗಿತ್ತು. ಬೆಳಗ್ಗೆ ಅವನಿಗೆ ಬಿಸಿನೀರು ಹೊತ್ತು ತರಬೇಕು, ಬಟ್ಟೆ ಒಗೆಯಬೇಕು, ಭಾನುವಾರದ ಸಿಹಿಯನ್ನು ಅವನ ತಟ್ಟೆಗೆ ದಾಟಿಸಬೇಕು. ನಾನು ನೋಡಿದಂತೆ ಅವನು ಕೈಯೆತ್ತಿದ್ದು ಒಮ್ಮೆ ಮಾತ್ರ. ಮೊದಲ ವಾರ ಜಗಲಿಯಲ್ಲಿ, ಎಲ್ಲರ ಎದುರಿಗೆ, ಒಬ್ಬ ಹುಡುಗನ ಕೆನ್ನೆಗೆ ಒಂದು ಏಟು. ಆ ಒಂದು ಏಟಿನ ಬಡ್ಡಿಯಲ್ಲಿಯೇ ಅವನು ಎರಡು ವರ್ಷ ಬಾಳಿದ.

ಮೊದಮೊದಲು ಈ ಚಾಕರಿ ನಮ್ಮಲ್ಲಿ ತೀರ ಮೆತ್ತನೆಯ ನಾಲ್ಕೈದು ಹುಡುಗರ ಪಾಲಿಗೇ ಬೀಳುತ್ತಿತ್ತು. ಒಬ್ಬ ಅತ್ತುಬಿಟ್ಟ. ನನಗೆ ಅದು ಅನ್ಯಾಯವೆನಿಸಿತು. ನನ್ನ ಅಕ್ಷರ ದುಂಡಗಿತ್ತು. ಕಾಗದದ ಹಾಳೆಗೆ ಗೆರೆ ಎಳೆದು, ಅಕಾರಾದಿಯಾಗಿ ಎಲ್ಲರ ಹೆಸರು ಬರೆದು, ದಿನಕ್ಕೊಬ್ಬನಂತೆ ಸರದಿ ಹಾಕಿ ಊಟದ ಮನೆಯ ಗೋಡೆಗೆ ಅಂಟಿಸಿದೆ. ಎಲ್ಲರೂ ಮೆಚ್ಚಿದರು. ಜಗಳ ನಿಂತಿತು. ಅಣ್ಣನಂತೂ ಒಂದು ಮಾತನ್ನೂ ಆಡಬೇಕಾಗಿರಲಿಲ್ಲ; ಗೋಡೆಯೇ ಆಳುತ್ತಿತ್ತು. ನಾನು ಬರೆದದ್ದು ನ್ಯಾಯಕ್ಕಾಗಿ; ಇದನ್ನು ಇಂದಿಗೂ ಪ್ರಾಮಾಣಿಕವಾಗಿ ಹೇಳಬಲ್ಲೆ. ಆದರೆ ಅನ್ಯಾಯವನ್ನು ಸಮನಾಗಿ ಹಂಚಿದ್ದರಿಂದಲೇ ಅದು ಸಹ್ಯವಾಯಿತು, ಸಹ್ಯವಾದ್ದರಿಂದಲೇ ಉಳಿಯಿತು. ಇನ್ನೊಂದನ್ನೂ ಹೇಳಿಬಿಡಬೇಕು. ಆ ಪಟ್ಟಿಯಲ್ಲಿ ಎಪ್ಪತ್ತೆಂಟು ಹೆಸರುಗಳಿದ್ದವು. ಅಣ್ಣನ ಹೆಸರಿರಲಿಲ್ಲ, ನನ್ನದೂ ಇರಲಿಲ್ಲ. ಬರೆಯುವವನ ಹೆಸರೆಲ್ಲಿ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಣ್ಣ ಓದು ಮುಗಿಸಿ ಹೋದ. ಮರುವರ್ಷ ಆ ಮೂಲೆಯ ಕೋಣೆಗೆ ಬೇರೊಬ್ಬ ಬಂದ. ಸಣಕಲು ಮೈ, ಮೆಲುಮಾತು. ಅಣ್ಣನ ಕಾಲು ಭಾಗ ಬಲವೂ ಇಲ್ಲದವನು. ಮೊದಲ ದಿನ ಬೆಳಗ್ಗೆಯೇ ಅವನ ಬಾಗಿಲಿಗೆ ಬಿಸಿನೀರು ತಾನಾಗಿ ಬಂತು. ಅವನು ಒಂದು ಗಳಿಗೆ ಬೆಪ್ಪಾಗಿ ನೋಡಿದ. ಆಮೇಲೆ ಒಳಕ್ಕೆ ತೆಗೆದುಕೊಂಡ. ಒಂದು ವಾರದಲ್ಲಿ ಅವನ ನಡಿಗೆಯೇ ಬದಲಾಯಿತು. ಎರಡು ತಿಂಗಳ ಮೇಲೆ ಹೊಸ ಹುಡುಗನೊಬ್ಬ ತನ್ನ ಸರದಿಯ ದಿನ ಜ್ವರ ಬಂದು ಮಲಗಿಬಿಟ್ಟ. ನೀರು ಹೋಗಲಿಲ್ಲ. ಸಂಜೆಯವರೆಗೆ ನಾವೆಲ್ಲ ಏನೋ ಆಗುತ್ತದೆಂದು ಕಾದೆವು. ಏನೂ ಆಗಲಿಲ್ಲ. ಮೂಲೆಯ ಕೋಣೆಯವನು ತಾನೇ ಬಕೆಟ್ಟು ಹಿಡಿದು ಬಚ್ಚಲಿಗೆ ಹೋದ. ಮರುದಿನ ಸರದಿಯವನು ಮರೆತಂತೆ ನಟಿಸಿದ. ಮೂರನೆಯವನು ನಟಿಸುವ ಗೋಜಿಗೂ ಹೋಗಲಿಲ್ಲ. ಪಟ್ಟಿಯನ್ನು ಯಾರೂ ಹರಿಯಲಿಲ್ಲ. ಅದು ಗೋಡೆಯ ಮೇಲೆಯೇ ಹಳದಿಯಾಗಿ ಉದುರಿತು. ಭೀಮಸೇನ ಬರಲಿಲ್ಲ. ಬಂದದ್ದು ಒಂದು ಜ್ವರ.

ಪುಸ್ತಕಗಳನ್ನು ಹಿಂದಿರುಗಿಸುವಾಗ ಶಿಷ್ಯನಿಗೆ ನನ್ನ ಉತ್ತರ ಹೇಳಿದೆ. ಊರನ್ನು ಸುಡಬೇಕಾದರೆ ನಿನ್ನ ಖಳನಿಗೆ ಘಟಸರ್ಪದ ಬಲ ಕೊಡು. ಆದರೂ ಅವನು ನಿದ್ದೆ ಮಾಡದಿರಲಿ, ಬಾವಿಯ ನೀರು ಕುಡಿಯದಿರಲಿ, ಊರು ಒಟ್ಟಾಗದಿರಲಿ. ಆಳಬೇಕಾದರೆ ಅಷ್ಟು ಬಲ ಬೇಡ. ಒಂದು ಮನೆಯನ್ನು ಒಂಟಿಯಾಗಿ ಹೆದರಿಸುವಷ್ಟಿದ್ದರೆ ಸಾಕು. ನಾಲ್ಕು ಬೊಂಬೆಗಳ ವೀರನೇ ಸಾಕು. ಉಳಿದದ್ದನ್ನು ಊರೇ ಮಾಡಿಕೊಡುತ್ತದೆ. ಅವನ ಬಲವನ್ನು ಅವನ ಮೈಯಲ್ಲಿ ಬರೆಯಬೇಡ, ಊರಿನ ಲೆಕ್ಕದಲ್ಲಿ ಬರೆ, ಎಂದೆ.

ಹುಡುಗ ಬಹಳ ಹೊತ್ತು ಯೋಚಿಸಿದ. “ಹಾಗಾದರೆ ಸರದಿಯ ಪಟ್ಟಿ ಬರೆಯುವ ಪಾತ್ರವೊಂದು ಬೇಕಾಗುತ್ತದೆ ಸಾರ್. ಅವನನ್ನು ಕೆಟ್ಟವನನ್ನಾಗಿ ಮಾಡಲೇ?” ಎಂದು ಕೇಳಿದ.

“ಬೇಡ” ಎಂದೆ. “ಒಳ್ಳೆಯವನನ್ನಾಗಿಯೇ ಮಾಡು. ಅಕ್ಷರ ಮಾತ್ರ ದುಂಡಗಿರಲಿ.”